ಓವರ್‌ಹಾಲ್ ಅಂದರೆ ಎಂಜಿನ್ ಬಿಚ್ಚಬೇಕು

ನಮ್ಮೂರ ಕಡೆ ಲಾರಿ ಇಟ್ಟವರ ಬಾಯಲ್ಲಿ ಓವರ್‌ಹಾಲ್ ಅನ್ನೋ ಪದಕ್ಕೆ ಇರೋದು ಒಂದೇ ಅರ್ಥ. ಎಂಜಿನ್ ಕೆಳಗಿಳಿಸಿ, ಪೂರ್ತಿ ಬಿಚ್ಚಿ, ಪಿಸ್ಟನ್ ರಿಂಗ್‌ನಿಂದ ಬೇರಿಂಗ್‌ವರೆಗೆ ಒಂದೊಂದನ್ನೂ ತೊಳೆದು ನೋಡಿ, ಸವೆದಿದ್ದನ್ನು ಬದಲಾಯಿಸಿ, ಮತ್ತೆ ಕೂರಿಸೋದು. ಆರ್‌ಸಿ ಬುಕ್ಕಿನಲ್ಲಿ ಮಾಲೀಕನ ಹೆಸರು ಬದಲಾದರೆ, ಮೇಲೆ ಹೊಸ ಪೇಂಟ್ ಹೊಡೆಸಿದರೆ ಅದನ್ನು ಯಾರೂ ಓವರ್‌ಹಾಲ್ ಅನ್ನಲ್ಲ.

ಸ್ಟೀವನ್ ರಾಟ್ನರ್ ತಮ್ಮ ಪುಸ್ತಕಕ್ಕೆ ಇಟ್ಟಿರೋ ಹೆಸರು ಇದೇ, 'ಓವರ್‌ಹಾಲ್'. 2010ರಲ್ಲಿ ಬಂದಿದ್ದು. ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ಅನ್ನೋ ಎರಡು ಮುಳುಗುತ್ತಿದ್ದ ಕಾರು ಕಂಪನಿಗಳನ್ನು 2009ರಲ್ಲಿ ಒಬಾಮ ಸರ್ಕಾರ ಎತ್ತಿ ನಿಲ್ಲಿಸಿದ ಕಥೆ. ಹೇಳ್ತಿರೋರು ಆ ಕೆಲಸಕ್ಕೆಂದೇ ಖಜಾನೆ ಇಲಾಖೆ ಕಟ್ಟಿದ್ದ ತಂಡದ ಮುಂದಾಳು. ನಾನು ಇದನ್ನು ಎರಡು ಸಲ ಓದಿದ್ದೇನೆ. ಮೊದಲ ಸಲ ಆಫೀಸ್ ಬಸ್ಸಿನಲ್ಲಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ದಯೆಯಿಂದ, ಥ್ರಿಲ್ಲರ್ ಓದಿದ ಹಾಗೆ. ಎರಡನೇ ಸಲ 2014ರ ಜೂನ್ ಕಳೆದ ಮೇಲೆ, ಪಕ್ಕದಲ್ಲಿ ಇನ್ನೊಂದು ದಾಖಲೆ ಇಟ್ಟುಕೊಂಡು. ಅದು ಜಿಎಂ ತನ್ನ ಮೇಲೆ ತಾನೇ ಮಾಡಿಸಿಕೊಂಡ ತನಿಖೆಯ ವರದಿ. ಬರೆದಿದ್ದು ಆಂಟನ್ ವಲುಕಾಸ್ ಅನ್ನೋ ವಕೀಲರು, ಮುನ್ನೂರು ಪುಟ ದಾಟುತ್ತೆ. ಎರಡನ್ನೂ ಒಟ್ಟಿಗೆ ಓದಿದರೆ ಇವೆರಡೂ ಒಂದೇ ಕಂಪನಿಯ ಬಗ್ಗೆ ಅಂತ ನಂಬೋದೇ ಕಷ್ಟ. ಒಂದರಲ್ಲಿ ಕಾಯಿಲೆ ವಾಸಿಯಾಗಿ ಮನೆಗೆ ನಡೆದುಹೋದ ರೋಗಿ. ಇನ್ನೊಂದರಲ್ಲಿ ಅದೇ ರೋಗಿ, ಅದೇ ಕಾಯಿಲೆ.

ಪುಸ್ತಕದಲ್ಲಿ ಚೆನ್ನಾಗಿರೋದನ್ನು ಮೊದಲು ಹೇಳಿಬಿಡ್ತೀನಿ. ರಾಟ್ನರ್ ಹಣಕಾಸಿನ ಲೋಕಕ್ಕೆ ಹೋಗುವ ಮೊದಲು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ವರದಿಗಾರರಾಗಿದ್ದವರು. ಆ ಕೈ ಇನ್ನೂ ಪಳಗಿದೆ. ಸರ್ಕಾರದ ಒಳಗೆ ಯಾರ ಮಾತು ನಡೆಯುತ್ತೆ, ಯಾರ ಮಾತು ನಡೆಯಲ್ಲ, ಕ್ರೈಸ್ಲರ್‌ನ್ನು ಉಳಿಸಬೇಕೋ ಬಿಡಬೇಕೋ ಅಂತ ಒಬಾಮರ ಸಲಹೆಗಾರರೇ ಹೇಗೆ ಎರಡು ಭಾಗವಾದರು, ಇದೆಲ್ಲ ಓದಿಸಿಕೊಂಡು ಹೋಗುತ್ತೆ. ಜಿಎಂನ ಮೇಲ್ಮಟ್ಟದ ಅಧಿಕಾರಿಗಳು ಹೇಗಿದ್ದರು ಅನ್ನೋದಕ್ಕೆ ಅವರು ಕೊಡೋ ಒಂದು ಚಿತ್ರ ಮರೆಯೋಕಾಗಲ್ಲ. ಡೆಟ್ರಾಯಿಟ್‌ನ ರಿನೇಸಾನ್ಸ್ ಸೆಂಟರ್ ಕಟ್ಟಡದ ತುತ್ತತುದಿಯ ಮಹಡಿಯಲ್ಲಿ, ಬೀಗ ಹಾಕಿದ ಗಾಜಿನ ಬಾಗಿಲ ಹಿಂದೆ ಅವರ ಆಫೀಸು. ಲಿಫ್ಟಿಗೆ ಬೇರೆಯೇ ಕಾರ್ಡು. ಅದನ್ನು ಉಜ್ಜಿದರೆ ಲಿಫ್ಟು ನಡುವಿನ ಯಾವ ಮಹಡಿಯಲ್ಲೂ ನಿಲ್ಲದೆ ಸೀದಾ ಅವರ ಖಾಸಗಿ ಪಾರ್ಕಿಂಗ್‌ಗೆ ಇಳಿಸುತ್ತೆ. ಅಂದರೆ ದಿನವಿಡೀ ಕೆಳಗಿನ ಒಬ್ಬ ನೌಕರನ ಮುಖವನ್ನೂ ನೋಡದೆ ಮನೆಗೆ ಹೋಗಬಹುದು.

ಅವನತಿಯ ಲೆಕ್ಕ ಗೊತ್ತಿರೋದೇ. 1908ರಲ್ಲಿ ಮಿಶಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ಹುಟ್ಟಿದ ಕಂಪನಿ. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಎರಡು ಕಾರಿನಲ್ಲಿ ಒಂದು ಇವರದ್ದು. 2008ರ ಹೊತ್ತಿಗೆ ಐದರಲ್ಲಿ ಒಂದು. 77 ವರ್ಷ ಹಿಡಿದುಕೊಂಡಿದ್ದ ಜಗತ್ತಿನ ಮೊದಲ ಸ್ಥಾನ ಆ ವರ್ಷ ಟೊಯೋಟಾ ಕೈಗೆ ಹೋಯಿತು. 2007ರಲ್ಲಿ 38.7 ಬಿಲಿಯನ್ ಡಾಲರ್ ನಷ್ಟ, 2008ರಲ್ಲಿ 30.9 ಬಿಲಿಯನ್. ಆ ನವೆಂಬರಿನಲ್ಲಿ ಮೂರು ಕಂಪನಿಯ ಮುಖ್ಯಸ್ಥರು ವಾಷಿಂಗ್ಟನ್‌ಗೆ ಸಹಾಯ ಕೇಳೋಕೆ ಹೋಗಿದ್ದು ಮೂರು ಖಾಸಗಿ ಜೆಟ್ಟುಗಳಲ್ಲಿ. ಸಾಲ ಕೇಳೋಕೆ ಹೋಗುವಾಗ ಕೊರಳಲ್ಲಿದ್ದ ಸರ ತೆಗೆದಿಟ್ಟು ಹೋಗಬೇಕು ಅಂತ ನಮ್ಮಜ್ಜಿಗೂ ಗೊತ್ತಿತ್ತು.

ಉಳಿಸಿದ್ದು ಸರಿಯೋ ತಪ್ಪೋ? ನನ್ನ ಪ್ರಕಾರ ಸರಿ. ಇದನ್ನು ಇಲ್ಲೇ ಹೇಳದಿದ್ದರೆ ಮುಂದೆ ನಾನು ಹೇಳೋದನ್ನೆಲ್ಲ 'ಮಾರುಕಟ್ಟೆಗೆ ಬಿಟ್ಟುಬಿಡಬೇಕಿತ್ತು' ಅನ್ನೋ ಗುಂಪಿನ ಮಾತು ಅಂದುಕೊಳ್ತೀರಿ. ಆಗ ಮಾರುಕಟ್ಟೆಯೇ ಇರಲಿಲ್ಲ. ಬ್ಯಾಂಕುಗಳೇ ಮಕಾಡೆ ಮಲಗಿದ್ದ ಹೊತ್ತಿನಲ್ಲಿ ದಿವಾಳಿ ಕಂಪನಿಗೆ ಸಾಲ ಕೊಡೋಕೆ ಸರ್ಕಾರ ಬಿಟ್ಟರೆ ಯಾರೂ ಇರಲಿಲ್ಲ. ಕೊನೆಗೆ ಆ ಸಾಲ ತಗೊಳ್ಳದ ಫೋರ್ಡ್ ಕಂಪನಿಯೇ ಪ್ರತಿಸ್ಪರ್ಧಿಗಳನ್ನು ಉಳಿಸಿ ಅಂತ ಕಾಂಗ್ರೆಸ್ ಮುಂದೆ ಹೇಳಿತು. ಯಾಕಂದರೆ ಬಿಡಿಭಾಗ ಮಾಡಿಕೊಡೋ ಸಣ್ಣಪುಟ್ಟ ಕಾರ್ಖಾನೆಗಳು ಮೂವರಿಗೂ ಒಂದೇ. ಜಿಎಂ ಬಿದ್ದರೆ ಆ ಕಾರ್ಖಾನೆಗಳು ಬೀಳ್ತವೆ, ಅವು ಬಿದ್ದರೆ ಫೋರ್ಡೂ ನಿಲ್ಲುತ್ತೆ. 2008ರ ಡಿಸೆಂಬರ್ 19ರಂದು ಮೊದಲ ಕಂತಿನ 17.4 ಬಿಲಿಯನ್ ಡಾಲರ್ ಸಾಲ ಘೋಷಿಸಿದ್ದು ಒಬಾಮ ಅಲ್ಲ, ಅಧಿಕಾರ ಬಿಟ್ಟು ಹೊರಡುತ್ತಿದ್ದ ಜಾರ್ಜ್ ಬುಷ್. ಇದನ್ನು ಅಲ್ಲಿನವರೇ ಅರ್ಧ ಜನ ಮರೆತಿದ್ದಾರೆ.

ಆಮೇಲಿನದ್ದು ವೇಗದ ಕಥೆ. 2009ರ ಮಾರ್ಚ್ ಕೊನೆಗೆ ಜಿಎಂ ಮುಖ್ಯಸ್ಥ ರಿಕ್ ವ್ಯಾಗನರ್‌ರನ್ನು ರಾಟ್ನರ್ ಕರೆಸಿ ಜಾಗ ಬಿಡಿ ಅಂದರು. ಜೂನ್ 1ಕ್ಕೆ ದಿವಾಳಿ ಅರ್ಜಿ: 82 ಬಿಲಿಯನ್ ಆಸ್ತಿ, 172 ಬಿಲಿಯನ್ ಸಾಲ. ಜುಲೈ 10ಕ್ಕೆ ಹೊಸ ಜಿಎಂ ಹೊರಗೆ. ನಲವತ್ತು ದಿನ! ನಮ್ಮಲ್ಲಿ ಖಾತೆ ಬದಲಾವಣೆಗೇ ಇದಕ್ಕಿಂತ ಹೆಚ್ಚು ದಿನ ತಗೊಳ್ಳುತ್ತೆ.

ಹೇಗೆ ಸಾಧ್ಯವಾಯಿತು ಅನ್ನೋದಕ್ಕೆ ಊರಿನ ಹಿಸೆ ನೆನಪಿಸಿಕೊಳ್ಳಿ. ಅಪ್ಪ ಸಾಲ ಮಾಡಿಟ್ಟಿದ್ದಾನೆ. ಮಕ್ಕಳಿಬ್ಬರು. ಒಬ್ಬನಿಗೆ ತೋಟ, ಗದ್ದೆ, ದನದ ಕೊಟ್ಟಿಗೆ. ಇನ್ನೊಬ್ಬನಿಗೆ ಬೀಳುಬಿದ್ದ ಜಮೀನು, ಕೋರ್ಟ್ ಕೇಸು, ಸಾಲದ ಪತ್ರಗಳು. ಅಮೆರಿಕದ ದಿವಾಳಿ ಕಾಯ್ದೆಯ 363ನೇ ಕಲಮಿನಲ್ಲಿ ಆಗಿದ್ದು ಇದೇ. ಒಳ್ಳೆಯ ಆಸ್ತಿಯನ್ನೆಲ್ಲ ಸರ್ಕಾರದ ದುಡ್ಡಿನಿಂದ ಕಟ್ಟಿದ ಹೊಸ ಕಂಪನಿ ಕೊಂಡುಕೊಂಡಿತು, ಹಳೆ ಹೊಣೆಗಳ ಸೋಂಕಿಲ್ಲದೆ. ಉಳಿದದ್ದು 'ಮೋಟರ್ಸ್ ಲಿಕ್ವಿಡೇಶನ್ ಕಂಪನಿ' ಅನ್ನೋ ಹೆಸರಿನಲ್ಲಿ ಹಿಂದೆ ಬಿತ್ತು. ಹೊಸದರಲ್ಲಿ ಅಮೆರಿಕ ಸರ್ಕಾರಕ್ಕೆ ಶೇ 60.8 ಪಾಲು, ನಿವೃತ್ತ ಕಾರ್ಮಿಕರ ಆರೋಗ್ಯ ನಿಧಿಗೆ ಶೇ 17.5, ಕೆನಡಾ ಮತ್ತು ಅದರ ಒಂಟಾರಿಯೊ ಪ್ರಾಂತಕ್ಕೆ ಶೇ 11.7, ಹಳೆ ಸಾಲಪತ್ರ ಹಿಡಿದವರಿಗೆ ಶೇ 10. ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್, ಸಾಬ್ ಅನ್ನೋ ನಾಲ್ಕು ಬ್ರ್ಯಾಂಡಿಗೆ ಜಾಗ ಸಿಗಲಿಲ್ಲ.

ಹಿಸೆಯಲ್ಲಿ ಯಾರು ಯಾವ ಕಡೆ ಬಿದ್ದರು ಅನ್ನೋದರಲ್ಲೇ ಎಷ್ಟೋ ಬದುಕು ತೀರ್ಮಾನವಾಯಿತು. ರಾಟ್ನರ್ ತಂಡದ ಅಳತೆಗೋಲು ಸರಳ: ಹೊಸ ಕಂಪನಿ ನಡೆಯೋಕೆ ಯಾರು ಬೇಕೇಬೇಕೋ ಅವರಿಗೆ ಕೊಡೋದು. ಅಸೆಂಬ್ಲಿ ಲೈನಿನಲ್ಲಿ ನಿಲ್ಲೋ ಕಾರ್ಮಿಕರು ಬೇಕು, ಅವರ ದೊಡ್ಡ ಸಂಘ ಯುಎಡಬ್ಲ್ಯು ಮುಷ್ಕರ ಹೂಡಬಲ್ಲದು, ಹಾಗಾಗಿ ಅವರಿಗೆ ಕೊಟ್ಟರು. ಜಿಎಂನಿಂದ 1999ರಲ್ಲಿ ಬೇರೆಯಾಗಿದ್ದ ಡೆಲ್ಫಿ ಅನ್ನೋ ಬಿಡಿಭಾಗದ ಕಂಪನಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತೆ. ಅಲ್ಲಿ ಯುಎಡಬ್ಲ್ಯು ಸದಸ್ಯರ ಪಿಂಚಣಿಯ ಕೊರತೆಯನ್ನು ಹೊಸ ಜಿಎಂ ತುಂಬಿಕೊಟ್ಟಿತು. ಸಂಬಳದ ನೌಕರರಿಗೆ, ಅಂದರೆ ಎಂಜಿನಿಯರು, ಸೂಪರ್‌ವೈಸರು, ಆಫೀಸಿನವರು, ಸುಮಾರು 20,000 ಜನರಿಗೆ, ತುಂಬಿಕೊಡಲಿಲ್ಲ. ಸಂಘ ಇಲ್ಲ, ಮುಷ್ಕರದ ಬೆದರಿಕೆ ಇಲ್ಲ, ನಿವೃತ್ತರಾಗಿ ಮನೆಯಲ್ಲಿದ್ದಾರೆ, ಯಾರಿಗೆ ಬೇಕು? ನಮಗೆ ಯೂನಿಯನ್ ಯಾಕ್ರೀ, ನಾವೇನು ಕಾರ್ಮಿಕರಾ ಅನ್ನೋ ನಮ್ಮ ಟೆಕ್ ಪಾರ್ಕಿನ ಗೆಳೆಯರು ಈ ಒಂದು ಪ್ರಸಂಗವನ್ನು ಓದಬೇಕು.

ಪುಸ್ತಕದ ಪಕ್ಕದಲ್ಲಿಟ್ಟು ನೋಡಬೇಕಾದ ಒಂದು ಚಿಕ್ಕ ಸಾಕ್ಷ್ಯಚಿತ್ರವೂ ಇದೆ. ಸ್ಟೀವನ್ ಬೊಗ್ನಾರ್ ಮತ್ತು ಜೂಲಿಯಾ ರೈಕರ್ಟ್ ಮಾಡಿದ 'ದ ಲಾಸ್ಟ್ ಟ್ರಕ್', 2009ರದ್ದು, ನಲವತ್ತು ನಿಮಿಷ. ಒಹಾಯೋ ರಾಜ್ಯದ ಮೊರೇನ್ ಅನ್ನೋ ಊರಿನ ಜಿಎಂ ಕಾರ್ಖಾನೆಯ ಕೊನೆಯ ದಿನಗಳು. ಚಿತ್ರತಂಡಕ್ಕೆ ಒಳಗೆ ಪ್ರವೇಶ ಇರಲಿಲ್ಲ, ಕಾರ್ಮಿಕರೇ ಪುಟ್ಟ ಕ್ಯಾಮೆರಾ ಒಯ್ದು ತಮ್ಮ ಕೆಲಸದ ಜಾಗವನ್ನು ತಾವೇ ಚಿತ್ರೀಕರಿಸಿಕೊಂಡರು. ಕೊನೆಯ ಗಾಡಿ ಲೈನಿನಿಂದ ಇಳಿದಿದ್ದು 2008ರ ಡಿಸೆಂಬರ್ 23ಕ್ಕೆ. ಬುಷ್ ಸಾಲ ಘೋಷಿಸಿ ನಾಲ್ಕೇ ದಿನ ಆಗಿತ್ತು! ಕಂಪನಿ ಉಳಿಯುತ್ತೆ ಅಂತ ಟೀವಿಯಲ್ಲಿ ಬರ್ತಿರುವಾಗ ಇವರು ಟೂಲ್ ಬಾಕ್ಸ್ ಎತ್ತಿಕೊಂಡು ಪಾರ್ಕಿಂಗ್ ಕಡೆ ನಡೀತಿದ್ದಾರೆ. ಚಿತ್ರ ಯಾರನ್ನೂ ಬೈಯಲ್ಲ, ಯಾವ ಅಂಕಿಯನ್ನೂ ಒದರಲ್ಲ, ಮುಖಗಳ ಮುಂದೆ ನಿಲ್ಲುತ್ತೆ ಅಷ್ಟೆ. ಮೊರೇನ್‌ನಂಥ ಊರಿನ ಕಡೆ ನಾಲ್ಕು ಪುಟದಷ್ಟಾದರೂ ತಿರುಗಿ ನೋಡುವ ತಾಳ್ಮೆ 'ಓವರ್‌ಹಾಲ್'ಗೆ ಇದ್ದಿದ್ದರೆ ಅದು ಇನ್ನೂ ದೊಡ್ಡ ಪುಸ್ತಕ ಆಗ್ತಿತ್ತು.

ಆದರೆ ನನ್ನ ಮುಖ್ಯ ತಕರಾರು ಅನುಕಂಪದ ಕೊರತೆಯ ಬಗ್ಗೆ ಅಲ್ಲ. ರೋಗ ಗುರುತಿಸಿದ್ದರ ಬಗ್ಗೆ. ರಾಟ್ನರ್ ಕಣ್ಣಿಗೆ ಜಿಎಂ ಒಂದು ಹಣಕಾಸಿನ ವೈಫಲ್ಯ. ಅಷ್ಟು ದೊಡ್ಡ ಕಂಪನಿಯಲ್ಲಿ ಇಷ್ಟು ದುರ್ಬಲ ಹಣಕಾಸು ವಿಭಾಗ ನೋಡಿರಲಿಲ್ಲ ಅಂತ ಅವರು ಅಚ್ಚರಿಪಡ್ತಾರೆ. ಅದು ಸುಳ್ಳಲ್ಲ. ಆದರೆ ಒಂದು ವಿಷಯ ಗಮನಿಸಿ. ವ್ಯಾಗನರ್ ಬೆಳೆದಿದ್ದೇ ಹಣಕಾಸು ವಿಭಾಗದಲ್ಲಿ. ಜಿಎಂನಲ್ಲಿ ದಶಕಗಳಿಂದ ಮೇಲೇರುವ ಏಣಿ ಅದೇ ಆಗಿತ್ತು. ಲೆಕ್ಕದವರು ಕೆಡಿಸಿದ ಕಂಪನಿಯನ್ನು ನೋಡಿದ ವಾಲ್‌ಸ್ಟ್ರೀಟಿನವರು ಕೊಟ್ಟ ಮದ್ದು ಏನು? ಇನ್ನೂ ಚುರುಕಾದ ಲೆಕ್ಕದವರು. ತಂಡದಲ್ಲಿ ಹೂಡಿಕೆ ತಜ್ಞರಿದ್ದರು, ದಿವಾಳಿ ವಕೀಲರಿದ್ದರು, ಕಾರ್ಮಿಕ ಸಂಘಗಳ ಜೊತೆ ದುಡಿದ ಬ್ಯಾಂಕರ್ ರಾನ್ ಬ್ಲೂಮ್ ಇದ್ದರು. ಕಾರು ಮಾಡಿದವರು ಇರಲಿಲ್ಲ, ರಾಟ್ನರ್ ಅದನ್ನು ಮುಚ್ಚಿಡೋದೂ ಇಲ್ಲ. ಮಾರ್ಚ್‌ನಲ್ಲಿ ಡೆಟ್ರಾಯಿಟ್‌ಗೆ ಹೋಗಿ ಒಂದು ದಿನ ಸುತ್ತಾಡಿ ಬಂದರು. ಉಳಿದದ್ದೆಲ್ಲ ವಾಷಿಂಗ್ಟನ್ನಿನ ಮೇಜಿನ ಮೇಲೆ, ಸ್ಪ್ರೆಡ್‌ಶೀಟಿನಲ್ಲಿ.

ಸ್ಪ್ರೆಡ್‌ಶೀಟಿನಲ್ಲಿ ಏನು ಕಾಣಲ್ಲ ಅನ್ನೋದಕ್ಕೆ ನುಮ್ಮಿ ಅಂತ ಒಂದು ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿ ಜಿಎಂ 1982ರಲ್ಲಿ ಮುಚ್ಚಿದ್ದ ಒಂದು ಕುಖ್ಯಾತ ಕಾರ್ಖಾನೆ. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದನ್ನೇ ಮತ್ತೆ ತೆರೆದರು. ಬಹುಪಾಲು ಹಳೆ ಕಾರ್ಮಿಕರೇ, ಅದೇ ಸಂಘ. ಬದಲಾದದ್ದು ಕೆಲಸದ ರೀತಿ. ಲೈನಿನಲ್ಲಿ ತಪ್ಪು ಕಂಡ ಯಾವ ಕಾರ್ಮಿಕ ಬೇಕಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು, ನಿಲ್ಲಿಸಿದವನಿಗೆ ಬೈಗುಳ ಇಲ್ಲ. ಸ್ವಲ್ಪ ದಿನಕ್ಕೇ ಅದು ಜಿಎಂನ ಅತ್ಯುತ್ತಮ ಗುಣಮಟ್ಟದ ಕಾರ್ಖಾನೆಗಳಲ್ಲಿ ಒಂದಾಯಿತು. ನಾವೆಲ್ಲ ಇವತ್ತು ಆಫೀಸಿನಲ್ಲಿ ಕಾನ್‌ಬಾನ್ ಬೋರ್ಡ್ ಅಂತ ಬಣ್ಣದ ಚೀಟಿ ಅಂಟಿಸ್ತೀವಲ್ಲ, ಅದೂ ಬಂದಿದ್ದು ಇದೇ ಟೊಯೋಟಾ ಮನೆಯಿಂದ. ಇಪ್ಪತ್ತೈದು ವರ್ಷ ಮನೆಯೊಳಗೇ ಪಾಠಶಾಲೆ ಇಟ್ಟುಕೊಂಡೂ ಜಿಎಂ ಆ ಪಾಠವನ್ನು ಪೂರ್ತಿ ಕಂಪನಿಗೆ ಹಬ್ಬಿಸಲಿಲ್ಲ. 2009ರ ಹಿಸೆಯಲ್ಲಿ ನುಮ್ಮಿಯ ಪಾಲು ಯಾರ ಕಡೆ ಬಿತ್ತು ಗೊತ್ತಾ? ಹಳೆ ಜಿಎಂ ಕಡೆ, ಬೀಳು ಜಮೀನಿನ ಜೊತೆ.

ಈಗ ಎರಡನೇ ದಾಖಲೆಗೆ ಬರೋಣ. ವಲುಕಾಸ್ ವರದಿಯ ನಾಯಕ, ಅಥವಾ ಖಳನಾಯಕ, ಒಂದು ಇಗ್ನಿಷನ್ ಸ್ವಿಚ್. ಕೀ ಹಾಕಿ ತಿರುಗಿಸೋ ಜಾಗದಲ್ಲಿ ಇರುತ್ತಲ್ಲ, ಅದು. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಅಗ್ಗದ ಕಾರುಗಳಲ್ಲಿ ಬಳಸಿದ್ದು. ಕೀ ತಿರುಗಿಸೋಕೆ ಎಷ್ಟು ಬಲ ಬೇಕು ಅಂತ ಜಿಎಂ ತಾನೇ ಬರೆದಿದ್ದ ಅಳತೆಗಿಂತ ಈ ಸ್ವಿಚ್ ಸಡಿಲ. ಗೊತ್ತಿದ್ದೂ 2002ರಲ್ಲಿ ಒಪ್ಪಿಗೆ ಕೊಟ್ಟರು. ಪರಿಣಾಮ ಏನು? ಕೀ ಗೊಂಚಲು ಭಾರ ಇದ್ದರೆ, ಮೊಣಕಾಲು ತಗುಲಿದರೆ, ರಸ್ತೆಯಲ್ಲಿ ಗಾಡಿ ಎಗರಿದರೆ ಕೀ ತಾನಾಗಿ 'ರನ್'ನಿಂದ 'ಅಕ್ಸೆಸರಿ'ಗೆ ಜಾರುತ್ತೆ. ಎಂಜಿನ್ ಬಂದ್. ಪವರ್ ಸ್ಟಿಯರಿಂಗ್ ಬಂದ್. ಮತ್ತೆ ಏರ್‌ಬ್ಯಾಗೂ ಬಂದ್, ಯಾಕಂದರೆ ಕೀ ಆ ಸ್ಥಾನದಲ್ಲಿದ್ದರೆ ಏರ್‌ಬ್ಯಾಗ್ ತೆರೆಯಬಾರದು ಅಂತಲೇ ವಿನ್ಯಾಸ.

ಚಲಿಸುತ್ತಿರುವಾಗ ಕಾರು ಆಫ್ ಆಗುತ್ತೆ ಅಂತ ದೂರುಗಳು ಬಂದವು. ಜಿಎಂ ಒಳಗೆ ಅದನ್ನು ಸೇರಿಸಿದ್ದು 'ಗ್ರಾಹಕರ ಅನುಕೂಲ'ದ ವರ್ಗಕ್ಕೆ, ಸುರಕ್ಷತೆಯ ವರ್ಗಕ್ಕಲ್ಲ. ಎಂಜಿನ್ ನಿಂತರೂ ಕಷ್ಟಪಟ್ಟು ಸ್ಟಿಯರಿಂಗ್ ತಿರುಗಿಸಬಹುದಲ್ಲ ಅನ್ನೋ ವಾದ. ಸರಿಪಡಿಸುವ ದಾರಿಗಳು 2005ರಲ್ಲಿ ಚರ್ಚೆಗೆ ಬಂದವು. ಖರ್ಚು ಹೆಚ್ಚು, ಸಮಯ ಹೆಚ್ಚು, ಒಪ್ಪಬಹುದಾದ ಬಿಸಿನೆಸ್ ಕೇಸ್ ಇಲ್ಲ ಅಂತ ಕಡತ ಮುಚ್ಚಿತು. ಆ ಬಿಡಿಭಾಗಕ್ಕೆ 57 ಸೆಂಟ್ ಅಂತ 2014ರ ಕಾಂಗ್ರೆಸ್ ವಿಚಾರಣೆಯಲ್ಲಿ ಒಬ್ಬ ಸದಸ್ಯೆ ಲೆಕ್ಕ ಕೊಟ್ಟರು. ಕೀ ಗೊಂಚಲಿನಿಂದ ಭಾರದ ವಸ್ತುಗಳನ್ನು ತೆಗೆಯೋಕೆ ಗ್ರಾಹಕರಿಗೆ ಹೇಳಿ ಅಂತ ಡೀಲರುಗಳಿಗೆ ಒಂದು ಸೂಚನೆ ಹೋಯಿತು. ಪ್ರೊಡಕ್ಷನ್‌ನಲ್ಲಿ ಕ್ರ್ಯಾಶ್ ಆಗೋ ಬಗ್‌ಗೆ ಯೂಸರ್ ಮ್ಯಾನ್ಯುಯಲ್‌ನಲ್ಲಿ ಒಂದು ಸಾಲು ಸೇರಿಸಿದ ಹಾಗೆ.

ಮುಂದಿನದ್ದನ್ನು ಓದಿ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 2006ರ ಏಪ್ರಿಲ್‌ನಲ್ಲಿ ಅದೇ ಸ್ವಿಚ್ಚಿನ ವಿನ್ಯಾಸ ಬದಲಾಯಿತು. ಒಳಗಿನ ಪ್ಲಂಜರ್, ಸ್ಪ್ರಿಂಗ್ ಉದ್ದ ಮಾಡಿದರು, ಬಿಗಿ ಆಯಿತು. ಆದರೆ ಬಿಡಿಭಾಗದ ನಂಬರ್ ಬದಲಾಯಿಸಲಿಲ್ಲ. ಹಳೆಯದೂ ಅದೇ ನಂಬರ್, ಹೊಸದೂ ಅದೇ ನಂಬರ್. ಸಾಫ್ಟ್‌ವೇರ್‌ನಲ್ಲಿ ದುಡಿಯೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಡ್ ಬದಲಾಯಿಸಿ ವರ್ಷನ್ ನಂಬರ್ ಹಾಗೇ ಇಟ್ಟು, ಕಮಿಟ್ ಮೆಸೇಜ್ ಇಲ್ಲದೆ ರಿಲೀಸ್ ಮಾಡಿದ ಹಾಗೆ. ನಮ್ಮಲ್ಲಿ ಹಾಗೆ ಮಾಡಿದರೆ ಯಾವುದೋ ಸರ್ವರ್ ರಾತ್ರಿ ಬಿದ್ದು ನಾಲ್ಕು ಜನರ ನಿದ್ದೆ ಹೋಗುತ್ತೆ. ಅಲ್ಲಿ ಅಪಘಾತ ಪರಿಶೀಲಿಸುತ್ತಿದ್ದ ಎಂಜಿನಿಯರ್‌ಗಳಿಗೆ ವರ್ಷಗಟ್ಟಲೆ ಒಗಟು: 2007ರವರೆಗಿನ ಮಾಡೆಲ್‌ಗಳಲ್ಲಿ ಏರ್‌ಬ್ಯಾಗ್ ತೆರೆಯುತ್ತಿಲ್ಲ, 2008ರ ನಂತರದವುಗಳಲ್ಲಿ ಆ ತೊಂದರೆ ಇಲ್ಲ, ಆದರೆ ದಾಖಲೆ ಪ್ರಕಾರ ಸ್ವಿಚ್ ಒಂದೇ. ಹಾಗಾದರೆ ಸ್ವಿಚ್ ಕಾರಣ ಆಗಿರೋಕೆ ಸಾಧ್ಯವಿಲ್ಲ, ಬೇರೆ ಕಡೆ ಹುಡುಕಿ! ಗಂಟು ಬಿಚ್ಚಿದ್ದು ಕಂಪನಿಯಲ್ಲ. ಜಾರ್ಜಿಯಾ ರಾಜ್ಯದಲ್ಲಿ ಮಗಳನ್ನು ಕಳೆದುಕೊಂಡ ಒಂದು ಕುಟುಂಬದ ವಕೀಲರು ನೇಮಿಸಿದ ತಜ್ಞ, ಅಪಘಾತದ ಕಾರಿನ ಸ್ವಿಚ್ಚನ್ನೂ ಡೀಲರ್ ಹತ್ತಿರ ಕೊಂಡ ಹೊಸ ಸ್ವಿಚ್ಚನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿದ. ಅಷ್ಟೇ ಮಾಡಿದ್ದು. ಅದಕ್ಕೂ ಮೊದಲು, 2007ರಲ್ಲೇ, ವಿಸ್ಕಾನ್ಸಿನ್ ರಾಜ್ಯದ ಒಬ್ಬ ಪೊಲೀಸ್ ತನ್ನ ಅಪಘಾತ ವರದಿಯಲ್ಲಿ ಸ್ವಿಚ್‌ಗೂ ಏರ್‌ಬ್ಯಾಗ್‌ಗೂ ಗಂಟು ಹಾಕಿ ಬರೆದಿದ್ದ.

ವರದಿಯ ಇನ್ನೊಂದು ಭಾಗ ಸಭೆಗಳ ಬಗ್ಗೆ. 'ಜಿಎಂ ನಾಡ್' ಅಂತ ಅಲ್ಲಿ ಒಂದು ಪದ್ಧತಿಯಂತೆ. ಸಭೆಯಲ್ಲಿ ಎಲ್ಲರೂ ಒಂದು ಯೋಜನೆಗೆ ತಲೆ ಅಲ್ಲಾಡಿಸ್ತಾರೆ, ಎದ್ದು ಹೋಗುವಾಗ ಅದನ್ನು ಮಾಡೋ ಉದ್ದೇಶ ಯಾರಿಗೂ ಇರಲ್ಲ. 'ಜಿಎಂ ಸೆಲ್ಯೂಟ್' ಇನ್ನೊಂದು. ಎರಡೂ ಕೈ ಅಡ್ಡ ಮಡಚಿ ಬೆರಳುಗಳನ್ನು ಎರಡೂ ಪಕ್ಕದವರ ಕಡೆ ತೋರಿಸೋದು: ಜವಾಬ್ದಾರಿ ಅವರದ್ದು, ನನ್ನದಲ್ಲ. ವಕೀಲರಿಗೆ ಇಷ್ಟ ಆಗಲ್ಲ ಅಂತ ಸುರಕ್ಷತೆಯ ಸಭೆಗಳಲ್ಲಿ ಟಿಪ್ಪಣಿ ಬರೆದುಕೊಳ್ಳದೆ ಕೂರ್ತಿದ್ದರು. 2008ರಲ್ಲಿ ನೌಕರರಿಗೆ ಕೊಟ್ಟ ತರಬೇತಿಯಲ್ಲಿ ಬರೆಯಬಾರದ ಪದಗಳ ಪಟ್ಟಿಯೇ ಇತ್ತು. 'ಪ್ರಾಬ್ಲಂ' ಅನ್ನಬೇಡಿ, 'ಇಶ್ಯೂ' ಅಥವಾ 'ಕಂಡೀಷನ್' ಅನ್ನಿ. 'ಡಿಫೆಕ್ಟ್' ಅನ್ನಬೇಡಿ, 'ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ' ಅನ್ನಿ. ನಗು ಬಂತು ನನಗೆ. ನಾನು ಕೆಲಸ ಮಾಡಿದ ಒಂದು ಕಡೆ ಬಗ್‌ಗೆ 'ಅಬ್ಸರ್ವೇಶನ್' ಅಂತ ನಾಮಕರಣ ಆಗಿತ್ತು. ಕ್ಲೈಂಟ್ ಕಾಲ್‌ನಲ್ಲಿ ಹನ್ನೊಂದು ಜನ 'ನೋ ಕನ್ಸರ್ನ್ಸ್ ಫ್ರಮ್ ಮೈ ಸೈಡ್' ಅಂತ ಮ್ಯೂಟ್ ತೆಗೆದು ಹೇಳಿ ಮತ್ತೆ ಮ್ಯೂಟ್ ಆಗ್ತಿದ್ದರು. ಅಲ್ಲಿ ತಯಾರಾಗ್ತಿದ್ದದ್ದು ಕೂಪನ್ ಕೊಡೋ ಆ್ಯಪ್, ಯಾರ ಜೀವವೂ ಅದರ ಮೇಲೆ ನಿಂತಿರಲಿಲ್ಲ.

ಈಗ ತಾರೀಖು ಹೊಂದಿಸಿ ನೋಡಿ. 2009ರ ಮೇ ತಿಂಗಳಲ್ಲಿ ಜಿಎಂ ಎಂಜಿನಿಯರ್‌ಗಳ ಕೈಯಲ್ಲಿ ಕೋಬಾಲ್ಟ್ ಅಪಘಾತಗಳ ಬ್ಲ್ಯಾಕ್ ಬಾಕ್ಸ್ ಮಾಹಿತಿ ಇತ್ತು. ಹಲವು ಅಪಘಾತಗಳಲ್ಲಿ ಕೀ 'ಅಕ್ಸೆಸರಿ'ಗೆ ಜಾರಿತ್ತು ಅಂತ ಅದು ಹೇಳುತ್ತಿತ್ತು. ಅದೇ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ರಾಟ್ನರ್ ತಂಡ ಸಾಲಪತ್ರದವರ ಜೊತೆ ಶೇಕಡಾವಾರು ಚೌಕಾಸಿ ಮಾಡುತ್ತಿತ್ತು. ಜೂನ್ 1ಕ್ಕೆ ದಿವಾಳಿ. ಆ ಕಾರುಗಳನ್ನು ವಾಪಸ್ ಕರೆಸಿದ್ದು 2014ರ ಫೆಬ್ರುವರಿಯಲ್ಲಿ, ಅಂದರೆ ಖಜಾನೆ ತನ್ನ ಕೊನೆಯ ಷೇರು ಮಾರಿ ಎರಡು ತಿಂಗಳಾದ ಮೇಲೆ. ನಡುವಿನ ನಾಲ್ಕೂವರೆ ವರ್ಷ ಸರ್ಕಾರವೇ ಜಿಎಂನ ದೊಡ್ಡ ಷೇರುದಾರ.

ಇದನ್ನು ಓದಿದ ಗೆಳೆಯನೊಬ್ಬ ಕೇಳಿದ: ನಲವತ್ತು ದಿನದಲ್ಲಿ ಒಂದು ಸ್ಪ್ರಿಂಗ್ ಹುಡುಕಬೇಕಿತ್ತಾ ಅವರು? ನ್ಯಾಯವಾದ ಪ್ರಶ್ನೆ. ಸ್ಪ್ರಿಂಗ್ ಯಾರಿಗೂ ಸಿಕ್ಕುತ್ತಿರಲಿಲ್ಲ. ಆದರೆ ಒಂದು ಕಂಪನಿ ಕೊಳ್ಳುವವನು ಕೇಳಲೇಬೇಕಾದ ಪ್ರಶ್ನೆಗಳಿವೆ. ನಿಮ್ಮಲ್ಲಿ ಕೆಟ್ಟ ಸುದ್ದಿ ಕೆಳಗಿನಿಂದ ಮೇಲಕ್ಕೆ ಬರೋಕೆ ಎಷ್ಟು ದಿನ ಬೇಕು? ಗಾಡಿ ವಾಪಸ್ ಕರೆಸೋ ತೀರ್ಮಾನ ಯಾರದ್ದು, ಹೇಗೆ ಆಗುತ್ತೆ? ಬಾಕಿ ಇರೋ ಅಪಘಾತದ ಕೇಸುಗಳಲ್ಲಿ ಒಂದೇ ಮಾಡೆಲ್ ಎಷ್ಟು ಸಲ ಬರ್ತಿದೆ? ಲಿಫ್ಟ್ ನಡುವೆ ನಿಲ್ಲಲ್ಲ ಅನ್ನೋದನ್ನು ಕಂಡು ಬರೆದ ಕಣ್ಣು ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ, ಹಾಗಾದರೆ ನಡುವಿನ ಮಹಡಿಗಳಲ್ಲಿ ಏನೇನು ಸಿಕ್ಕಿಹಾಕಿಕೊಂಡಿದೆ ಅಂತ ನೋಡಬಹುದಿತ್ತು. ಆಮೇಲೂ ಅವಕಾಶ ಇತ್ತು. ನಾವು ಒಲ್ಲದ ಷೇರುದಾರರು, ನಿರ್ದೇಶಕರ ಆಯ್ಕೆಯಂಥ ದೊಡ್ಡ ವಿಷಯ ಬಿಟ್ಟರೆ ಕೈ ಹಾಕಲ್ಲ ಅನ್ನೋದು ಸರ್ಕಾರದ ಘೋಷಿತ ನೀತಿ ಆಗಿತ್ತು. ರಾಜಕಾರಣಿಗಳು ಕಾರಿನ ಬಣ್ಣ ತೀರ್ಮಾನಿಸಬಾರದು ಅನ್ನೋ ಮಟ್ಟಿಗೆ ಆ ನೀತಿ ಸರಿ. ಆದರೆ ತೆರಿಗೆದಾರರ ಸುಮಾರು 49.5 ಬಿಲಿಯನ್ ಡಾಲರ್ ಹಾಕಿ, ಕೊನೆಗೆ ಸುಮಾರು 11 ಬಿಲಿಯನ್ ಕಳೆದುಕೊಂಡು, ಆ ದುಡ್ಡಿಗೆ ಒಂದು ಸುರಕ್ಷತಾ ಪರಿಶೀಲನೆಯನ್ನೂ ಕೇಳಲಿಲ್ಲ ಅನ್ನೋದನ್ನು ಸಂಯಮ ಅಂತ ಹೊಗಳೋಕೆ ನನಗೆ ಮನಸ್ಸು ಬರಲ್ಲ.

ಹೊಸ ಜಿಎಂಗೆ ಅದೇ ಅಭ್ಯಾಸಗಳು ಹೋದವು ಅನ್ನೋದಕ್ಕೆ ನಮ್ಮಲ್ಲೇ ಒಂದು ಸಾಕ್ಷಿ ಇದೆ. ಷೆವರ್ಲೆ ಟವೇರಾ ಗೊತ್ತಲ್ಲ? ಧರ್ಮಸ್ಥಳ ಟ್ರಿಪ್ಪಿಗೆ, ಮದುವೆ ದಿಬ್ಬಣಕ್ಕೆ, ಏರ್‌ಪೋರ್ಟ್ ಡ್ರಾಪಿಗೆ ನಮ್ಮನ್ನೆಲ್ಲ ಹೊತ್ತ ಗಾಡಿ. 2013ರ ಜುಲೈನಲ್ಲಿ ಜಿಎಂ ಇಂಡಿಯಾ, 2005ರಿಂದ 2013ರವರೆಗೆ ತಯಾರಾದ ಸುಮಾರು 1,14,000 ಟವೇರಾಗಳನ್ನು ವಾಪಸ್ ಕರೆಯಿತು. ಹೊಗೆ ತಪಾಸಣೆಗೆ ಹೋಗೋ ಗಾಡಿಗಳಿಗೆ, ಕಡಿಮೆ ಹೊಗೆ ಬಿಡೋ ಎಂಜಿನ್‌ಗಳನ್ನು ಮೊದಲೇ ಆರಿಸಿ, ಹದ ಮಾಡಿ ಕೂರಿಸುತ್ತಿದ್ದರು ಅನ್ನೋದು ಹೊರಗೆ ಬಂತು. ಕಂಪನಿ ಹಲವರನ್ನು ಕೆಲಸದಿಂದ ತೆಗೆಯಿತು, ಎಂಜಿನ್ ವಿಭಾಗದ ಜಾಗತಿಕ ಮಟ್ಟದ ಅಧಿಕಾರಿಯನ್ನೂ ಸೇರಿಸಿ. ಇಸವಿಗಳನ್ನು ಇನ್ನೊಮ್ಮೆ ನೋಡಿ, 2005ರಿಂದ 2013. ಆ ಆಟ ಹಳೆ ಜಿಎಂನಲ್ಲಿ ಶುರುವಾಗಿ, ದಿವಾಳಿಯನ್ನು ದಾಟಿ, ಹೊಸ ಜಿಎಂನಲ್ಲಿ ನಾಲ್ಕು ವರ್ಷ ಆರಾಮಾಗಿ ನಡೆದಿದೆ.

ಹಿಸೆಯ ಅತಿ ಕಹಿ ಭಾಗ ಸ್ವಿಚ್ಚಿನ ಬಲಿಪಶುಗಳದ್ದು. 2009ರ ಜುಲೈ ಮೊದಲಿನ ಅಪಘಾತ ಆಗಿದ್ದರೆ ಹೊಣೆ ಹಳೆ ಜಿಎಂದು, ಅಂದರೆ ಖಾಲಿ ಕೊಟ್ಟಿಗೆಯದ್ದು. ಹೊಸ ಜಿಎಂ ಕೋರ್ಟಿನಲ್ಲಿ ಅದೇ ಗುರಾಣಿ ಹಿಡಿಯಿತು, 2015ರಲ್ಲಿ ದಿವಾಳಿ ನ್ಯಾಯಾಲಯ ಬಹುಮಟ್ಟಿಗೆ ಒಪ್ಪಿತು. 2016ರ ಜುಲೈನಲ್ಲಿ ಮೇಲಿನ ಕೋರ್ಟು ತಿರುಗಿಸಿತು: ಸ್ವಿಚ್ ಕೆಟ್ಟಿದೆ ಅಂತ ಈ ಜನರಿಗೆ ನೀವು ಹೇಳಲೇ ಇಲ್ಲ, ಹೇಳದೆ ಇದ್ದವರ ಹಕ್ಕನ್ನು ನಲವತ್ತು ದಿನದ ದಿವಾಳಿಯಲ್ಲಿ ಅಳಿಸೋಕಾಗಲ್ಲ. ಜಿಎಂ ತಾನಾಗಿ ಒಂದು ಪರಿಹಾರ ನಿಧಿಯನ್ನೂ ತೆರೆದಿತ್ತು, ಹಳೆ ಅಪಘಾತಗಳನ್ನೂ ಅದರಲ್ಲಿ ಸೇರಿಸಿತ್ತು, ಅದನ್ನು ಹೇಳದಿದ್ದರೆ ಅನ್ಯಾಯ. ಆರಂಭದಲ್ಲಿ ಕಂಪನಿ ಒಪ್ಪಿದ್ದು 13 ಸಾವು. ಆ ನಿಧಿ ಕೊನೆಗೆ ಒಪ್ಪಿದ್ದು 124.

'ಓವರ್‌ಹಾಲ್' ಓದಬೇಡಿ ಅಂತ ನಾನು ಹೇಳ್ತಿಲ್ಲ. ದುಡ್ಡು, ಅಧಿಕಾರ, ಗಡುವು ಸೇರಿದಾಗ ತೀರ್ಮಾನಗಳು ಹೇಗಾಗ್ತವೆ ಅಂತ ತೋರಿಸೋ ಇಷ್ಟು ಒಳ್ಳೆಯ ಪುಸ್ತಕ ಕಡಿಮೆ. ವಲುಕಾಸ್ ವರದಿಯ ಜೊತೆ ಓದಿ ಅಷ್ಟೆ. ಅದರ ಗದ್ಯ ಒಣಕಲು, ವಕೀಲರ ಗದ್ಯ, ಆದರೆ ರಾಟ್ನರ್ ಬಿಚ್ಚದ ಎಂಜಿನ್ ಅಲ್ಲಿ ಬಿಚ್ಚಿ ಹರವಿದೆ.

ಹಾಗೆ ಓದಿ ಮುಗಿಸಿದ ಮೇಲೂ 2014ರ ಮಾರ್ಚ್ ತಿಂಗಳ ಒಂದು ವಿವರ ನನ್ನ ತಲೆಯಿಂದ ಹೋಗಿಲ್ಲ. ಫೆಬ್ರುವರಿಯಲ್ಲಿ ಜಿಎಂ ಹಳೆ ಸ್ವಿಚ್ ಇದ್ದ 2003ರಿಂದ 2007ರವರೆಗಿನ ಕಾರುಗಳನ್ನು ಕರೆದಿತ್ತು. 2008ರ ನಂತರದವು ಹೊಸ ಸ್ವಿಚ್ಚಿನವು, ಅವಕ್ಕೆ ಭಯವಿಲ್ಲ ಅಂದುಕೊಂಡಿದ್ದರು. ಆಮೇಲೆ ಹೊಳೆಯಿತು: ಹಳೆ ಸ್ವಿಚ್‌ಗಳಲ್ಲಿ ಸುಮಾರು 95,000 ಡೀಲರುಗಳಿಗೆ, ಸಗಟು ಅಂಗಡಿಗಳಿಗೆ ಬಿಡಿಭಾಗವಾಗಿ ಮಾರಾಟವಾಗಿವೆ. ಯಾವುದೋ ಗ್ಯಾರೇಜಿನಲ್ಲಿ ರಿಪೇರಿ ಮಾಡುವಾಗ ಒಳ್ಳೆಯ ಸ್ವಿಚ್ ತೆಗೆದು ಕೆಟ್ಟದ್ದನ್ನು ಕೂರಿಸಿರಬಹುದು. ಯಾವ ಕಾರಿನಲ್ಲಿ ಯಾವುದಿದೆ ಅಂತ ದಾಖಲೆಯಿಂದ ಹೇಳೋಕಾಗಲ್ಲ, ನಂಬರ್ ಒಂದೇ ಅಲ್ವಾ. ಹಾಗಾಗಿ ಅಮೆರಿಕ ಒಂದರಲ್ಲೇ ಇನ್ನೂ 8,24,000 ಕಾರುಗಳನ್ನು ಕರೆಸಿದರು. ಅವುಗಳಲ್ಲಿ ಕೆಟ್ಟ ಸ್ವಿಚ್ ಇದ್ದಿರಬಹುದಾದದ್ದು ಕೆಲವು ಸಾವಿರ.